ಘಟ್ಟದ ಮೇಲೊಂದು ಮಾತು, ಘಟ್ಟದ ಕೆಳಗೊಂದು ಮಾತು: ಗೋವಾ ಕನ್ನಡಿಗರು ಬಿಜೆಪಿ ಅಭ್ಯರ್ಥಿಗಳನ್ನು ಏನು ಕೇಳಬೇಕು?

ವಾಸ್ಕೋ ಹಳಬ

2027ರ ವಿಧಾನಸಭಾ ಚುನಾವಣೆಗೆ ಇನ್ನೂ ಸಮಯವಿದೆ, ಆದರೂ ನಮ್ಮ ಓಣಿಗೆ ಬಿಳಿ ಅಂಗಿಗಳು ಬರತೊಡಗಿವೆ. ಕಳೆದ ಭಾನುವಾರ ನಾಲ್ವರು ಬಂದಿದ್ದರು. ಕನ್ನಡದಲ್ಲಿಯೇ ಮಾತನಾಡಿಸಿದರು, ಊರು ಯಾವುದೆಂದು ಕೇಳಿದರು, ಬಸವ ಜಯಂತಿಗೆ ಪೆಂಡಾಲು ಹಾಕಿಸಿಕೊಡುತ್ತೇವೆ ಎಂದರು, ಪ್ರಚಾರಕ್ಕೆ ಹುಬ್ಬಳ್ಳಿ ಕಡೆಯ ದೊಡ್ಡ ನಾಯಕರೇ ಬರುತ್ತಾರೆ ಎಂದರು. ಚಹಾ ಕುಡಿದು, ಮನೆಯಲ್ಲಿ ಎಷ್ಟು ಮತಗಳಿವೆ ಎಂದು ಬರೆದುಕೊಂಡು ಹೋದರು. ಈ ಮನೆ ಯಾರ ಜಾಗದಲ್ಲಿದೆ, ಕಾಗದ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ.

ನಾನು ಹಾವೇರಿ ಜಿಲ್ಲೆಯವನು. ಗಾರೆ ಕೆಲಸಕ್ಕೆ ಬಂದವನು, ಈಗ ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತೇನೆ. ಇಲ್ಲಿಗೆ ಬಂದು ಮೂವತ್ತು ವರ್ಷ ಕಳೆದಿದೆ. ಬಿಜೆಪಿಗೆ ನಾನು ಮತ ಹಾಕುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಇವನು ಇಂಥವರ ಕಡೆಯವನು ಎಂದು ಪತ್ತೇದಾರಿಕೆ ಮಾಡುವ ಕಷ್ಟ ಬೇಡ.

ಮಹದಾಯಿಯಿಂದ ಆರಂಭಿಸೋಣ, ಕರ್ನಾಟಕ ಮತ್ತು ಗೋವಾ ನೀರಿಗಾಗಿ ಜಗಳವಾಡುವ ನದಿ ಅದು. 2017ರ ಡಿಸೆಂಬರಿನಲ್ಲಿ, ಕರ್ನಾಟಕದ ಚುನಾವಣೆಗೆ ಐದು ತಿಂಗಳಿರುವಾಗ, ಗೋವಾದ ಆಗಿನ ಬಿಜೆಪಿ ಮುಖ್ಯಮಂತ್ರಿ ಮನೋಹರ ಪರ್ರಿಕರ್ ಅವರು ಕರ್ನಾಟಕ ಬಿಜೆಪಿ ಅಧ್ಯಕ್ಷ ಯಡಿಯೂರಪ್ಪನವರಿಗೆ ಪತ್ರ ಬರೆದರು. ಕುಡಿಯುವ ನೀರಿನ ಮಟ್ಟಿಗೆ ತಾತ್ವಿಕ ಒಪ್ಪಿಗೆ ಎಂಬುದು ಅದರ ತಿರುಳು. ಹುಬ್ಬಳ್ಳಿಯ ಸಮಾವೇಶದಲ್ಲಿ ಅದನ್ನು ಓದಿದಾಗ ಚಪ್ಪಾಳೆಯೋ ಚಪ್ಪಾಳೆ. ಒಂದು ರಾಜ್ಯದ ಮುಖ್ಯಮಂತ್ರಿ ಇನ್ನೊಂದು ರಾಜ್ಯದ ಮುಖ್ಯಮಂತ್ರಿಗೆ ಬರೆಯಬೇಕಾದ ಪತ್ರವನ್ನು ಪಕ್ಷದ ಅಧ್ಯಕ್ಷರಿಗೆ ಬರೆದರು, ಅದನ್ನೂ ನೆನಪಿಡಿ. ಮರುತಿಂಗಳೇ ಅದೇ ಪರ್ರಿಕರ್ ಸಂಪುಟದ ಜಲಸಂಪನ್ಮೂಲ ಸಚಿವ ವಿನೋದ ಪಾಲ್ಯೇಕರ್ ನಮ್ಮನ್ನು ಏನೆಂದು ಕರೆದರು ಎಂಬುದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಮರೆತವರು ಹಿರಿಯರನ್ನು ಕೇಳಿ. ಬೈಗುಳವನ್ನು ಅವರು ಹಿಂದಕ್ಕೆ ಪಡೆದರಂತೆ. ಬೈಗುಳ ಹಿಂದೆ ಹೋಗುತ್ತದೆಯೇ?

2022ರ ಡಿಸೆಂಬರ್ ಕೊನೆಗೆ, ಮಹದಾಯಿ ನೀರನ್ನು ಕರ್ನಾಟಕದ ಕಡೆಗೆ ತಿರುಗಿಸುವ ಕಳಸಾ-ಬಂಡೂರಿಯ ವಿವರವಾದ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿತು. ಬೆಳಗಾವಿ ಅಧಿವೇಶನದಲ್ಲಿ ಬೊಮ್ಮಾಯಿಯವರಿಗೆ ಸಂಭ್ರಮ, ಪಣಜಿಯಲ್ಲಿ ಗೋವಾ ಮುಖ್ಯಮಂತ್ರಿ ಪ್ರಮೋದ ಸಾವಂತರಿಗೆ ಸೂತಕ. ತಿಂಗಳು ಕಳೆಯುವಷ್ಟರಲ್ಲಿ ಅಮಿತ್ ಶಾ ಅವರು ಎಂ.ಕೆ. ಹುಬ್ಬಳ್ಳಿಗೆ ಬಂದು ಎರಡೂ ರಾಜ್ಯಗಳ ಜಗಳ ಬಗೆಹರಿಸಿ ರೈತರಿಗೆ ನೀರು ಕೊಟ್ಟಿದ್ದೇವೆ ಎಂದರು. ಕೇಂದ್ರದಲ್ಲಿ, ಬೆಂಗಳೂರಿನಲ್ಲಿ, ಪಣಜಿಯಲ್ಲಿ ಆಗ ಒಂದೇ ಪಕ್ಷ. ಆದರೂ ನೀರು ಬರಲಿಲ್ಲ, ಜಗಳವೂ ನಿಲ್ಲಲಿಲ್ಲ. ಆ ಜಗಳದ ಬಿಸಿ ತಟ್ಟುವುದು ಯಾರಿಗೆ? ಮೀನು ಮಾರುಕಟ್ಟೆಯಲ್ಲಿ ‘ಘಾಟಿ’ (ಘಟ್ಟದ ಮೇಲಿನವರು ಎಂಬ ಹೀಯಾಳಿಕೆ) ಎನ್ನಿಸಿಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ.

ಹುಬ್ಬಳ್ಳಿಯ ನಾಯಕರು ಬಂದಾಗ ಒಂದೇ ಪ್ರಶ್ನೆ ಕೇಳಿ: ಮಹದಾಯಿ ಬಗ್ಗೆ ನರಗುಂದದಲ್ಲಿ ಆಡುವ ಮಾತನ್ನು ವಾಸ್ಕೋದ ವೇದಿಕೆಯ ಮೇಲೂ ಆಡುತ್ತೀರಾ?

ಮಾಪ್ಸಾ ತರಕಾರಿ

ಹಳಬರೇ, ಮಾತು ಖಾರವಾಗಿದೆ, ಆದರೆ ಅರ್ಧ ಮಸಾಲೆಯನ್ನು ನೀವು ಡಬ್ಬದಲ್ಲೇ ಬಿಟ್ಟಿದ್ದೀರಿ. ಪಾಲ್ಯೇಕರ್ ಬಿಜೆಪಿಯವರಲ್ಲ, ಗೋವಾ ಫಾರ್ವರ್ಡ್ ಪಕ್ಷದವರು. 2016ರ ಜುಲೈಯಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಾಗ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಮನೆಮನೆಗೆ ನುಗ್ಗಿ ಲಾಠಿ ಬೀಸಿದ ಪೊಲೀಸರು ಯಾವ ಸರ್ಕಾರದವರು? ಕಾಂಗ್ರೆಸ್ ಸರ್ಕಾರದವರು. ಅದನ್ನು ಏಕೆ ಬರೆಯಲಿಲ್ಲ?

2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿತು. ಅದರಲ್ಲಿ 8.02 ವಿದ್ಯುತ್ತಿಗೆ. ಆ ಐತೀರ್ಪಿನ ಮೇಲೆ ಯೋಜನಾ ವರದಿಗೆ ಒಪ್ಪಿಗೆ ಕೊಡಿಸಿದ್ದು ಬಿಜೆಪಿಯೇ. ಒಂದು ಪಕ್ಷ ಎರಡು ರಾಜ್ಯಗಳಲ್ಲಿ ಎರಡು ಮಾತು ಆಡುತ್ತದೆ ಎನ್ನುತ್ತೀರಿ. ಆಡಲೇಬೇಕು. ಗೋವಾದ ಮುಖ್ಯಮಂತ್ರಿ ಗೋವಾದ ಪರ ಮಾತನಾಡದೆ ನರಗುಂದದ ಪರ ಮಾತನಾಡಬೇಕೇ? ಕಾಂಗ್ರೆಸ್ಸಿನ ಗೋವಾ ಘಟಕ ಮಹದಾಯಿ ಬಗ್ಗೆ ಸಿದ್ದರಾಮಯ್ಯನವರ ಮಾತನ್ನು ಹೇಳುತ್ತದೆಯೇ, ತೋರಿಸಿ.

ನನ್ನ ಟೆಂಪೊ ವಾರಕ್ಕೆ ನಾಲ್ಕು ಸಲ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿಯುತ್ತದೆ. ಸೇತುವೆ, ರಸ್ತೆ ಎಂದರೆ ನಿಮಗೆ ಭಾಷಣದ ವಿಷಯ, ನನಗೆ ಟೊಮೆಟೊ ಕೊಳೆಯುವ ಅಥವಾ ಉಳಿಯುವ ವಿಷಯ. ಹಳೆಯ ಜುವಾರಿ ಸೇತುವೆಯ ಮೇಲೆ ಗಂಟೆಗಟ್ಟಲೆ ನಿಂತವನು ನಾನು. 2022ರ ಡಿಸೆಂಬರಿನಲ್ಲಿ ಹೊಸ ಸೇತುವೆಯ ಮೊದಲ ಭಾಗ ತೆರೆದ ದಿನ ದೇವರಿಗೆ ಕಾಯಿ ಒಡೆದೆ. ಅದನ್ನೂ ದಾಖಲೆಯಲ್ಲಿ ಬರೆಯಿರಿ.

ವಾಸ್ಕೋ ಹಳಬ

ಯಮನೂರು ನಾಚಿಕೆಗೇಡು, ಒಪ್ಪಿದೆ. ಪಾಲ್ಯೇಕರ್ ಮಿತ್ರಪಕ್ಷದವರು, ಅದನ್ನೂ ಒಪ್ಪಿದೆ. ಸಂಪುಟ ಮಾತ್ರ ಪರ್ರಿಕರ್ ಅವರದು. ಸೇತುವೆ ಚೆನ್ನಾಗಿದೆ, ನಾನೂ ಅದರ ಮೇಲೆಯೇ ಹೋಗುತ್ತೇನೆ. ನಿಮ್ಮ ಟೊಮೆಟೊ ಚೆನ್ನಾಗಿರಲಿ.

ಬಿರ್ಲಾ ಅಕ್ಕ

ನಿಮ್ಮ ನೀರಿನ ಜಗಳ ಮುಗಿದಿದ್ದರೆ ನನಗೂ ಎರಡು ಮಾತಿಗೆ ಜಾಗ ಕೊಡಿ. ನಾನು ಜುವಾರಿನಗರದವಳು. ಹೊರಗಿನವರಿಗಾಗಿ ಹೇಳುತ್ತೇನೆ, ಇಲ್ಲಿ ಆ ಜಾಗವನ್ನು ಎಲ್ಲರೂ ಬಿರ್ಲಾ ಎಂದೇ ಕರೆಯುತ್ತಾರೆ. ನನ್ನ ಖಾತೆಗೆ ಗೃಹ ಆಧಾರ ಯೋಜನೆಯ 1,500 ರೂಪಾಯಿ ಬರುತ್ತದೆ, ಅತ್ತೆಗೆ ದಯಾನಂದ ಸಾಮಾಜಿಕ ಭದ್ರತೆಯ 2,000 ಬರುತ್ತದೆ. ಯಾರ ಸರ್ಕಾರ ಆರಂಭಿಸಿತು ಎಂದು ಅತ್ತೆಯನ್ನು ಕೇಳಿದರೆ ‘ಪರ್ರಿಕರ್’ ಎನ್ನುತ್ತಾರೆ, ಆ ಹೆಸರಿಗೆ ಕೈಮುಗಿಯುತ್ತಾರೆ. ಹಾಗಾಗಿ ವಾಸ್ಕೋದ ಅಣ್ಣ ಪರ್ರಿಕರ್ ಅವರನ್ನು ಬೈದರೆ ನಮ್ಮ ಮನೆಯಲ್ಲಿ ಊಟ ಸಿಗುವುದಿಲ್ಲ.

ಆದರೆ ನನ್ನ ತಂಗಿಗೆ ಆ ಹಣ ಬರುವುದಿಲ್ಲ. ಗೋವಾದಲ್ಲಿ ಹದಿನೈದು ವರ್ಷದ ವಾಸ ತೋರಿಸಬೇಕು. ಅವಳು ಮದುವೆಯಾಗಿ ಬಂದು ಹದಿನಾರು ವರ್ಷವಾಯಿತು, ತೋರಿಸುವುದು ಹೇಗೆ? ಬಾಡಿಗೆ ಮನೆಯ ಮಾಲೀಕರು ಕರಾರು ಪತ್ರ ಕೊಡುವುದಿಲ್ಲ, ಕೊಟ್ಟರೆ ಹಕ್ಕು ಕೇಳುತ್ತಾರೆ ಎಂಬ ಭಯ. ಹದಿನಾರು ವರ್ಷ ಒಂದೇ ಕೊಳಾಯಿಯಲ್ಲಿ ನೀರು ಹಿಡಿದವಳಿಗೆ ಸಾಕ್ಷಿ ಆ ಕೊಳಾಯಿಯೇ. ಬಾಡಿಗೆದಾರರ ವಾಸದ ದಾಖಲೆಗೆ ಏನು ಮಾಡುತ್ತೀರಿ ಎಂದು ಕೇಳಿ, ಅಭ್ಯರ್ಥಿ ಯಾವ ಪಕ್ಷದವನಾದರೂ ಸರಿ. ಕಮಲದವನು ಮೊದಲು ಉತ್ತರಿಸಲಿ, ಏಕೆಂದರೆ 2012ರಿಂದ ಕುರ್ಚಿ ಅವರದೇ.

ಹಾರ್ಬರ್ ಹುಡುಗ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾವು ಚುನಾವಣೆಗೆ ಮೊದಲು ಕನ್ನಡ ಬಾಂಧವರು, ಆಮೇಲೆ ಹೊರಗಿನವರು. 2023ರ ಕಾರ್ಮಿಕ ದಿನದಂದೇ ಸಾವಂತರು ಗೋವಾದ ಅಪರಾಧಗಳಲ್ಲಿ ಶೇ. 90 ವಲಸೆ ಕಾರ್ಮಿಕರದು ಎಂದರು. ಹೆಸರಿಸಿದ್ದು ಬಿಹಾರ, ಉತ್ತರ ಪ್ರದೇಶದವರನ್ನು. ನಮ್ಮ ಓಣಿಯಲ್ಲಿ ಕೆಲವರು ‘ಸದ್ಯ, ನಮ್ಮ ಹೆಸರು ಹೇಳಲಿಲ್ಲ’ ಎಂದು ಖುಷಿಪಟ್ಟರು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಮ್ಮ ಗೋಡೆ ಬೆಚ್ಚಗಾಯಿತು ಎಂದು ಸಂತೋಷಪಡುವವರು.

ಬಂದರಿನ ಕಲ್ಲಿದ್ದಲಿನ ಧೂಳಿನ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಬಂದರಿನ ಬಳಿ ವಾಸಿಸುವವರು ಕಿಟಕಿ ಒರೆಸಿದ ಬಟ್ಟೆಯನ್ನು ಅಭ್ಯರ್ಥಿಯ ಕೈಗೆ ಕೊಡಿ. ಅಷ್ಟು ಸಾಕು.

ಮಡಗಾಂವ್ ಮೇಷ್ಟ್ರು

ದಾಖಲೆ ಎಂದಿರಿ, ಆದ್ದರಿಂದ ಮುದುಕನೊಬ್ಬ ಬಾಯಿ ಹಾಕುತ್ತಿದ್ದೇನೆ. ಈ ಪಕ್ಷವನ್ನು ಎಡದವರೋ ಕಾಂಗ್ರೆಸ್ಸಿನವರೋ ಟೀಕಿಸಿದರೆ ಅದು ವಾಡಿಕೆ. ಗೋವಾದಲ್ಲಿ ಸಂಘದವರೇ (ಆರೆಸ್ಸೆಸ್ಸಿನವರೇ) ಈ ಪಕ್ಷದ ಮೇಲೆ ಸಿಟ್ಟಾದ ಕಥೆ ಇದೆ, ಅದು ಹೆಚ್ಚು ರುಚಿಕರ.

2011ರಲ್ಲಿ ದಿಗಂಬರ ಕಾಮತರ ಕಾಂಗ್ರೆಸ್ ಸರ್ಕಾರ ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಶಾಲೆಗಳಿಗೆ ಅನುದಾನ ಕೊಡಲು ಹೊರಟಿತು. ಭಾರತೀಯ ಭಾಷಾ ಸುರಕ್ಷಾ ಮಂಚ್ ಬೀದಿಗಿಳಿಯಿತು, ಬಿಜೆಪಿ ಅದರ ಜೊತೆ ನಿಂತಿತು. ಕೊಂಕಣಿ, ಮರಾಠಿ ಉಳಿಯಬೇಕು, ಮಕ್ಕಳು ಮಾತೃಭಾಷೆಯಲ್ಲಿ ಕಲಿಯಬೇಕು ಎಂಬ ಘೋಷಣೆ ನನ್ನಂಥ ಕನ್ನಡ ಮೇಷ್ಟ್ರಿಗೂ ಹಿತವಾಗಿತ್ತು. 2012ರಲ್ಲಿ ಗೆದ್ದರು. ಗೆದ್ದ ಮೇಲೆ ಚರ್ಚಿನ ಆಡಳಿತದ ಇಂಗ್ಲಿಷ್ ಶಾಲೆಗಳ ಅನುದಾನ ಹಾಗೆಯೇ ಮುಂದುವರಿಯಿತು. ಮಾತು ಕೊಟ್ಟಿದ್ದಿರಲ್ಲ ಎಂದು ಕೇಳಿದ ಸುಭಾಷ್ ವೆಲಿಂಗ್ಕರ್ ಗೋವಾದ ಸಂಘದ ಮುಖ್ಯಸ್ಥರೇ ಆಗಿದ್ದರು. 2016ರ ಆಗಸ್ಟಿನಲ್ಲಿ ಅವರನ್ನೇ ಹುದ್ದೆಯಿಂದ ಇಳಿಸಲಾಯಿತು. ಅವರು ಹೊರಬಂದು ಬೇರೆ ಪಕ್ಷ ಕಟ್ಟಿದರು. ವೆಲಿಂಗ್ಕರ್ ಅವರ ಹಲವು ಮಾತುಗಳನ್ನು ನಾನು ಒಪ್ಪುವವನಲ್ಲ. ಆದರೆ ಕೊಟ್ಟ ಮಾತಿನ ಲೆಕ್ಕ ಕೇಳಿದ ಮನುಷ್ಯನಿಗೆ ಮನೆಯವರೇ ಬಾಗಿಲು ತೋರಿಸಿದರು ಎಂಬುದು ದಾಖಲೆ.

ಇನ್ನು ಆ ದಿಗಂಬರ ಕಾಮತರು ಈಗ ಎಲ್ಲಿದ್ದಾರೆ? ಯಾರ ಭಾಷಾ ನೀತಿಯನ್ನು ವಿರೋಧಿಸಿ ಬಿಜೆಪಿ ಮೆರವಣಿಗೆ ಮಾಡಿತೋ ಅವರು 2025ರ ಆಗಸ್ಟಿನಿಂದ ಬಿಜೆಪಿ ಸರ್ಕಾರದ ಸಚಿವರು. ಶಾಲೆಯಲ್ಲಿ ಹುಡುಗರು ಹೀಗೆ ಬೆಂಚು ಬದಲಿಸಿದರೆ ನಾನು ಕಿವಿ ಹಿಂಡುತ್ತಿದ್ದೆ.

ಮಾಂಡವಿಯ ಕ್ಯಾಸಿನೋ ಹಡಗುಗಳೂ ಹಾಗೆಯೇ. ವಿರೋಧ ಪಕ್ಷದಲ್ಲಿದ್ದಾಗ ಪಂಜು ಹಿಡಿದು ನಡೆದವರು ಅಧಿಕಾರಕ್ಕೆ ಬಂದರು, ಪಂಜು ಆರಿತು, ಹಡಗಿನ ದೀಪ ಆರಲಿಲ್ಲ. ಸಂಜೆ ಪಣಜಿಯ ಸೇತುವೆಯ ಮೇಲಿಂದ ನೋಡಿ, ಕಣ್ಣು ಕುಕ್ಕುತ್ತದೆ.

ಮಾಪ್ಸಾ ತರಕಾರಿ

ಮೇಷ್ಟ್ರೇ, ನೀವು ಹೇಳಿದರೆ ಎದುರಾಡಲು ಮುಜುಗರ. ಆದರೂ ಕೇಳುತ್ತೇನೆ, ಬೆಂಚು ಬದಲಿಸಿದವರು ಯಾರು? ಕಾಂಗ್ರೆಸ್ಸಿನವರು. 2022ರ ಜನವರಿಯಲ್ಲಿ ಪಣಜಿಯ ಮಹಾಲಕ್ಷ್ಮಿ ಗುಡಿ, ಬಾಂಬೋಳಿಯ ಶಿಲುಬೆ, ಬೆತಿಯ ದರ್ಗಾ ಮೂರಕ್ಕೂ ಹೋಗಿ ಪಕ್ಷ ಬಿಡುವುದಿಲ್ಲ ಎಂದು ಆಣೆ ಮಾಡಿದರು. ಸೆಪ್ಟೆಂಬರಿನಲ್ಲಿ ಅವರ ಹನ್ನೊಂದು ಶಾಸಕರಲ್ಲಿ ಎಂಟು ಜನ ಬಿಜೆಪಿಗೆ ಬಂದರು. ಕಾಮತರು ದೇವರನ್ನೇ ಕೇಳಿ ಬಂದೆ ಎಂದರು. ಮೂರು ಧರ್ಮದ ದೇವರಿಗೆ ಸುಳ್ಳು ಹೇಳಿದವರನ್ನು ಬಿಟ್ಟು, ಬಾಗಿಲು ತೆರೆದವರನ್ನು ಮಾತ್ರ ಬೈಯುವುದು ಯಾವ ನ್ಯಾಯ?

ಹಾರ್ಬರ್ ಹುಡುಗ

ತರಕಾರಿ ಅಣ್ಣಾ, ಇಬ್ಬರನ್ನೂ ಬೈಯುತ್ತೇವೆ. ಕದ್ದ ಮಾಲು ಮಾರಿದವನಷ್ಟೇ ಕೊಂಡವನೂ ತಪ್ಪಿತಸ್ಥ ಎಂದು ನಿಮಗೆ ಮಾರುಕಟ್ಟೆಯಲ್ಲಿ ಗೊತ್ತಿರಬೇಕಲ್ಲ.

ನಮ್ಮ ಮುರಗಾಂವ್ ಕ್ಷೇತ್ರದ ಕಥೆ ಕೇಳಿ. ಇಲ್ಲಿ ಬಿಜೆಪಿಯ ಮಿಲಿಂದ ನಾಯ್ಕ್ ಇದ್ದರು. ಅವರ ಮೇಲೆ ಆರೋಪ ಬಂದು 2021ರ ಡಿಸೆಂಬರಿನಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಎರಡೇ ತಿಂಗಳಲ್ಲಿ ಪಕ್ಷ ಅವರಿಗೇ ಟಿಕೆಟ್ ಕೊಟ್ಟಿತು. ಜನ ಸೋಲಿಸಿದರು, ಕಾಂಗ್ರೆಸ್ಸಿನ ಸಂಕಲ್ಪ ಅಮೋಣಕರ್ ಗೆದ್ದರು. ನಾನು ಮೊದಲ ಸಲ ಮತ ಹಾಕಿದ್ದು ಆಗ. ಬೆರಳಿನ ಶಾಯಿಯ ಚಿತ್ರ ತೆಗೆದು ಅಮ್ಮನಿಗೆ ಕಳುಹಿಸಿದ್ದೆ. ಏಳು ತಿಂಗಳಿಗೆ ಆ ಎಂಟು ಜನರಲ್ಲಿ ಅಮೋಣಕರ್ ಅವರೂ ಒಬ್ಬರಾಗಿ ಬಿಜೆಪಿಗೆ ಹೋದರು. ಬಿಜೆಪಿ ಬೇಡ ಎಂದು ಹಾಕಿದ ನನ್ನ ಮತ ಬಿಜೆಪಿಯ ಲೆಕ್ಕಕ್ಕೇ ಸೇರಿತು.

ಪಕ್ಕದ ದಾಬೋಲಿಯಲ್ಲಿ ಇನ್ನೂ ಹಳೆಯ ತಮಾಷೆ. ತೊಂಬತ್ತರ ದಶಕದ ವಿದ್ಯುತ್ ರಿಯಾಯಿತಿ ಹಗರಣದಲ್ಲಿ ಮೊವಿನ್ ಗುದಿನ್ಹೊ ಅವರ ಬೆನ್ನು ಹತ್ತಿದವರು ಪರ್ರಿಕರ್. 2017ರಲ್ಲಿ ಗುದಿನ್ಹೊ ಬಿಜೆಪಿಯಿಂದ ಗೆದ್ದು ಅದೇ ಪರ್ರಿಕರ್ ಸಂಪುಟದಲ್ಲಿ ಮಂತ್ರಿಯಾದರು. ಅಪರಾಧಿ ಹೌದೋ ಅಲ್ಲವೋ ಎಂಬುದು ನ್ಯಾಯಾಲಯದ ಕೆಲಸ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ದೂರು ಕೊಟ್ಟವರೂ ದೂರಿಗೆ ಒಳಗಾದವರೂ ಒಂದೇ ಮೇಜಿನ ಸುತ್ತ ಕುಳಿತಾಗ ಇಬ್ಬರಲ್ಲಿ ಯಾರಿಗೂ ನಗು ಬರಲಿಲ್ಲವೇ?

ಪೋಂಡಾ ಗುಮಾಸ್ತ

ವಕೀಲರ ಕಚೇರಿಯಲ್ಲಿ ಕಡತ ಹೊರುವವನು ನಾನು. ರಾಜಕೀಯ ಕಡಿಮೆ, ಕಾಗದ ಹೆಚ್ಚು. ಮನೆಯ ವಿಷಯವನ್ನು ಎಲ್ಲರೂ ಮುಟ್ಟಿ ಬಿಟ್ಟಿದ್ದೀರಿ, ನಮ್ಮವರ ಬದುಕು ನಿಂತಿರುವುದು ಅದರ ಮೇಲೆ.

2015ರಲ್ಲಿ ಬೈನಾ ಕಡಲತಡಿಯ ಮನೆಗಳು ಬಿದ್ದವು, ಆಗ ಲಕ್ಷ್ಮೀಕಾಂತ ಪಾರ್ಸೇಕರ್ ಮುಖ್ಯಮಂತ್ರಿ. 2024ರ ಏಪ್ರಿಲಿನಲ್ಲಿ ಸಾಂಗೋಲ್ಡಾದ ಕೊಮುನಿದಾದ್ (ಊರ ಸಮುದಾಯದ ಒಡೆತನದ) ಜಾಗದಲ್ಲಿದ್ದ ಮನೆಗಳು ಬಿದ್ದವು, ಆಗ ಸಾವಂತ್. ಎರಡೂ ಕಡೆ ಕನ್ನಡದವರ ಮನೆಗಳಿದ್ದವು, ಎರಡೂ ಕಡೆ ನ್ಯಾಯಾಲಯದ ಆದೇಶವಿತ್ತು. ಬಿಜೆಪಿಯವರನ್ನು ಕೇಳಿದರೆ ‘ನಾವೇನು ಮಾಡಲು ಸಾಧ್ಯ, ಕೋರ್ಟು’ ಎನ್ನುತ್ತಾರೆ. ಆ ಮಾತು ಅರ್ಧ ಸತ್ಯ. ಕೆಡವಿ ಎಂದಿತು ಕೋರ್ಟು, ಆದರೆ ಮಳೆಗಾಲಕ್ಕೆ ಮೊದಲು ಮಕ್ಕಳನ್ನು ಎಲ್ಲಿ ಮಲಗಿಸಬೇಕು ಎಂಬುದನ್ನು ಸರ್ಕಾರ ನೋಡಬೇಕಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಕಡತ ಇಟ್ಟು ನೋಡಿ. ಆರ್ಪೋರಾದ ಆ ನೈಟ್ ಕ್ಲಬ್ಬು. ಪಂಚಾಯತಿ ಅದನ್ನು ಕೆಡವಲು ಆದೇಶ ಮಾಡಿತ್ತು, ಪಂಚಾಯತ್ ನಿರ್ದೇಶನಾಲಯ ತಡೆ ಕೊಟ್ಟಿತ್ತು. 2025ರ ಡಿಸೆಂಬರ್ 6ರ ರಾತ್ರಿ ಅಲ್ಲಿ ಬೆಂಕಿ ಬಿದ್ದು 25 ಜನ ಸತ್ತರು. ಹೆಚ್ಚಿನವರು ಅಲ್ಲಿಯ ಕೆಲಸಗಾರರು, ಹೊಟ್ಟೆಪಾಡಿಗೆ ಬೇರೆ ರಾಜ್ಯಗಳಿಂದ ಬಂದ ನಮ್ಮಂಥವರು. ತಗಡಿನ ಮನೆಗೆ ಸಿಗದ ತಡೆಯಾಜ್ಞೆ ಕ್ಲಬ್ಬಿಗೆ ಸಿಕ್ಕಿತ್ತು. ನನ್ನ ಇಷ್ಟು ವರ್ಷದ ಗುಮಾಸ್ತಿಕೆಯಲ್ಲಿ ಕಡತಗಳು ಹೀಗೇ ನಡೆಯುವುದನ್ನು ನೋಡಿದ್ದೇನೆ, ಆದರೆ ಈ ಸಲ ಊಟ ಸೇರಲಿಲ್ಲ.

ಭೂಮಿಯ ವಿಷಯದಲ್ಲಿ ಇನ್ನೂ ಒಂದು. ನಗರ ಯೋಜನಾ ಕಾಯ್ದೆಗೆ 2023ರಲ್ಲಿ 17(2) ಎಂಬ ಕಲಮು ಸೇರಿಸಿ, ನಕ್ಷೆಯಲ್ಲಿ ಹಸಿರು ಇದ್ದ ಜಾಗವನ್ನು ಒಂದೊಂದೇ ತುಂಡಾಗಿ ವಸತಿ ವಲಯ ಮಾಡಿದರು. ಖಾತೆ ವಿಶ್ವಜಿತ್ ರಾಣೆಯವರದು. 2025ರ ಮಾರ್ಚಿನಲ್ಲಿ ಹೈಕೋರ್ಟು ಅದರ ನಿಯಮಗಳನ್ನು ಹೊಡೆದುಹಾಕಿತು. ಅಷ್ಟರಲ್ಲಿ 39ಎ ಎಂಬ ಇನ್ನೊಂದು ಬಾಗಿಲು ಸಿದ್ಧವಾಗಿತ್ತು. ದೊಡ್ಡವರ ಗದ್ದೆ ಬಂಗಲೆಯಾಗಲು ಒಂದು ಅರ್ಜಿ ಸಾಕು, ನಮ್ಮ ಹತ್ತಡಿ ಕೋಣೆ ಮನೆ ಎನಿಸಿಕೊಳ್ಳಲು ಎರಡು ತಲೆಮಾರು ಬೇಕು.

ಮಾಪ್ಸಾ ತರಕಾರಿ

ಗುಮಾಸ್ತರೇ, ಪ್ರಾಮಾಣಿಕರಾದರೆ ಮುಂದಿನ ಪುಟವನ್ನೂ ಓದಿ. ಸರ್ಕಾರಿ ಜಾಗ, ಕೊಮುನಿದಾದ್ ಜಾಗದ ಮನೆಗಳನ್ನು ಸಕ್ರಮ ಮಾಡುವ ಕಾನೂನನ್ನು 2025ರಲ್ಲಿ ತಂದವರು ಯಾರು? ಇದೇ ಸಾವಂತ್. ‘ಮ್ಹಜೆಂ ಘರ’ ಯೋಜನೆ ಎಂದು ಅಕ್ಟೋಬರಿನಲ್ಲಿ ಅಮಿತ್ ಶಾ ಅವರೇ ಬಂದು ಆರಂಭಿಸಿದರು. ವಿರೋಧ ಪಕ್ಷದ ಎಷ್ಟು ಜನ ಅದನ್ನು ವಿರೋಧಿಸಿದರು ನೋಡಿ. ಹೊರಗಿನವರಿಗೆ ಗೋವಾ ಮಾರುತ್ತಿದ್ದೀರಿ ಎಂದರು. ಆ ‘ಹೊರಗಿನವರು’ ಯಾರು, ನಾವೇ.

ಇನ್ನು ಆರ್‌ಜಿ (ರೆವಲ್ಯೂಷನರಿ ಗೋವನ್ಸ್) ಪಕ್ಷದವರು. ಅವರ ಮಸೂದೆಯ ಪ್ರಕಾರ 1961ಕ್ಕೆ ಮೊದಲಿನ ಗೋವಾದ ಬೇರು ಇದ್ದವನೇ ಗೋವೆಯವನು. ಹಳಬರೇ, ನಿಮ್ಮ ಮೂವತ್ತು ವರ್ಷ ಅಲ್ಲಿ ಸೊನ್ನೆ. ಬಿಜೆಪಿಯನ್ನು ಇಳಿಸಿ ನೀವು ಯಾರನ್ನು ಏರಿಸುತ್ತೀರಿ ಎಂದು ಯೋಚಿಸಿ ಬರೆಯಿರಿ.

ವಾಸ್ಕೋ ಹಳಬ

ಈ ಪ್ರಶ್ನೆಗೆ ರಾತ್ರಿಯಿಡೀ ಉತ್ತರ ಹುಡುಕಿದೆ. ಆರ್‌ಜಿಯವರ ಬಗ್ಗೆ ನಿಮ್ಮ ಭಯವೇ ನನ್ನದೂ. ಆದರೆ ನೋಡಿ, ಆ ಭಯವನ್ನೇ ನಮಗೆ ಮಾರುತ್ತಾರೆ. ‘ಅವರು ಬಂದರೆ ಓಡಿಸುತ್ತಾರೆ’ ಎಂದು ಹೇಳಿ ನಮ್ಮ ಮತ ತೆಗೆದುಕೊಳ್ಳುವವರು, ತಾವೇ ಕಾರ್ಮಿಕ ದಿನದಂದು ನಮ್ಮಂಥವರನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸುತ್ತಾರೆ. ಮತ ಬೇಕು, ಮುಖ ಬೇಡ.

ಮನೆಯ ಕಾನೂನು ಬಂದದ್ದು ಒಳ್ಳೆಯದು, ಅದರ ಶ್ರೇಯಸ್ಸು ಅವರಿಗೇ ಇರಲಿ. 2012ರಿಂದ ಅಧಿಕಾರದಲ್ಲಿದ್ದವರಿಗೆ ಅದು ಹೊಳೆದದ್ದು 2025ರಲ್ಲಿ, ಅದೂ ಹೈಕೋರ್ಟು ರಸ್ತೆ ಬದಿಯ ಅಕ್ರಮ ಕಟ್ಟಡಗಳ ಮೇಲೆ ಆದೇಶ ಮಾಡಿ ಗೋವೆಯವರ ಮನೆಗಳಿಗೂ ಕುತ್ತು ಬಂದ ಮೇಲೆ. ಬೈನಾದವರು ಅತ್ತಾಗ ಯಾಕೆ ಹೊಳೆಯಲಿಲ್ಲ?

ಮಡಗಾಂವ್ ಮೇಷ್ಟ್ರು

ಮಹದಾಯಿಗೆ ಒಂದು ಅಡಿಟಿಪ್ಪಣಿ. ಮಹದಾಯಿ ವನ್ಯಜೀವಿಧಾಮವನ್ನು ಮೂರು ತಿಂಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿ ಎಂದು 2023ರ ಜುಲೈಯಲ್ಲಿ ಹೈಕೋರ್ಟು ಹೇಳಿತು. ಮಾಡಿದ್ದರೆ ಕರ್ನಾಟಕದ ಯೋಜನೆಗೆ ದೊಡ್ಡ ತೊಡಕು. ನದಿಯನ್ನು ತಾಯಿ ಎನ್ನುವ ಗೋವಾ ಸರ್ಕಾರ ಅದನ್ನು ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯಿತು. ನಾನು ಗದಗ ಕಡೆಯವನಾಗಿ ಇದಕ್ಕೆ ಸಂತೋಷಪಡಬೇಕೋ, ಮಡಗಾಂವಿನ ನೀರು ಕುಡಿಯುವವನಾಗಿ ದುಃಖಪಡಬೇಕೋ ತಿಳಿಯದೆ ಆ ದಿನ ಎರಡು ಲೋಟ ಚಹಾ ಹೆಚ್ಚು ಕುಡಿದೆ.

ಬಿರ್ಲಾ ಅಕ್ಕ

ಮೇಷ್ಟ್ರಿಗೆ ಸಕ್ಕರೆ ಇದೆ, ಚಹಾ ಕಡಿಮೆ ಮಾಡಿ ಎಂದು ಹೇಳುವವರು ಯಾರೂ ಇಲ್ಲವೇ?

ಇಷ್ಟೆಲ್ಲಾ ಬರೆದಿದ್ದೀರಿ, ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ನಿಮ್ಮ ಹೆಸರುಗಳು ಉಳಿದಿವೆಯೇ? 2002ರ ಪಟ್ಟಿಯಲ್ಲಿ ಅಪ್ಪ ಅಮ್ಮನ ಹೆಸರು ಹುಡುಕಬೇಕಾಯಿತು, ನಮ್ಮ ಅಪ್ಪನ ಹೆಸರು ಇದ್ದದ್ದು ಸವಣೂರು ಕಡೆಯ ಹಳ್ಳಿಯಲ್ಲಿ. ನಮ್ಮ ಸಾಲಿನಲ್ಲಿ ಇನ್ನೂ ನೋಡಿಕೊಳ್ಳದವರು ಇದ್ದಾರೆ.

ವಾಸ್ಕೋ ಹಳಬ

ಅಕ್ಕಾ, ನನ್ನದು ಇದೆ, ಕಿರಿಯ ಮಗನದು ನೋಡಬೇಕು. ಗುಮಾಸ್ತರೇ, ಒಂದು ಮಾತು. ಮನೆ ಸಕ್ರಮದ ಅರ್ಜಿಗೆ 2014ರ ಫೆಬ್ರುವರಿ 28ಕ್ಕೆ ಮೊದಲಿನ ಮನೆ ಎಂದು ತೋರಿಸಬೇಕಂತೆ. ನನ್ನ ಬಳಿ 2011ರ ವಿದ್ಯುತ್ ಬಿಲ್ಲು ಇದೆ, ಮೀಟರು ಮೊದಲಿದ್ದವರ ಹೆಸರಿನಲ್ಲಿದೆ. ನಡೆಯುತ್ತದೆಯೇ?

ಪೋಂಡಾ ಗುಮಾಸ್ತ

ಬಿಲ್ಲು ಒಂದರಿಂದಲೇ ಧೈರ್ಯ ಹೇಳಲಾರೆ. ಪಂಚಾಯತಿಯೋ ನಗರಸಭೆಯೋ ಕೊಟ್ಟ ಮನೆ ನಂಬರು, ತೆರಿಗೆ ರಸೀದಿ, ಮಕ್ಕಳ ಶಾಲೆಯ ದಾಖಲೆಯಲ್ಲಿರುವ ವಿಳಾಸ, ಏನಿದೆಯೋ ಎಲ್ಲವನ್ನೂ ಹುಡುಕಿ ಇಡಿ. ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ, ವಕೀಲರು ಇರುತ್ತಾರೆ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ಬಿಳಿ ಅಂಗಿಯವರ ಕೈಗಂತೂ ಬೇಡವೇ ಬೇಡ.

ಮಾಪ್ಸಾ ತರಕಾರಿ

ಶನಿವಾರ ನನ್ನ ಟೆಂಪೊ ಖಾಲಿ ಇರುತ್ತದೆ, ಪೋಂಡಾ ಮೇಲೆಯೇ ಹೋಗುತ್ತದೆ. ಹಳಬರೇ, ಹನ್ನೆರಡಕ್ಕೆ ವಾಸ್ಕೋ ಮಾರುಕಟ್ಟೆಯ ಮುಂದೆ ನಿಂತಿರಿ. ಕಮಲದ ಸ್ಟಿಕ್ಕರ್ ಇರುವ ಟೆಂಪೊ, ಹತ್ತಲು ಅಭ್ಯಂತರವಿಲ್ಲ ತಾನೇ?

ವಾಸ್ಕೋ ಹಳಬ

ಹತ್ತುತ್ತೇನೆ. ಹಿಂದೆ ಕೂರುತ್ತೇನೆ, ಸ್ಟಿಕ್ಕರ್ ಮುಂದಿನ ಗಾಜಿನ ಮೇಲಿದೆಯಲ್ಲ.